ತಂತಿಯಿಂದ ಕಂಪ್ಯೂಟರಿನವರೆಗೆ: ಎಲೆಕ್ಟ್ರಿಕ್ ಗಿಟಾರಿನ ದನಿಯ ದಾರಿ

ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಅಡಿಯಲ್ಲಿ ಕೂತಿರುವ ಪಿಕಪ್‌ಗೆ ಸದ್ದು ಕೇಳಿಸುವುದಿಲ್ಲ. ಅದರ ಮುಂದೆ ನಿಂತು ಕೂಗಿದರೂ ಆಂಪ್ಲಿಫೈಯರಿನಿಂದ ಹೇಳಿಕೊಳ್ಳುವಂಥದ್ದೇನೂ ಹೊರಡದು. ತನ್ನ ಮೇಲೆ ಹಾದುಹೋದ ಉಕ್ಕಿನ ತಂತಿ ಅಲುಗಿದರೆ ಮಾತ್ರ ಅದು ಎಚ್ಚೆತ್ತುಕೊಳ್ಳುತ್ತದೆ. ಪಿಕಪ್ಪಿನ ಒಳಗಿರುವುದು ಅಯಸ್ಕಾಂತ ಮತ್ತು ತಾಮ್ರದ ಸುರುಳಿ, ಅಷ್ಟೇ. ಸುರುಳಿಯ ತಂತಿಯ ದಪ್ಪ ಸುಮಾರು 0.06 ಮಿಲಿಮೀಟರ್, ಅದನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ. ಅಯಸ್ಕಾಂತದ ಪ್ರಭಾವಕ್ಕೆ ಸಿಕ್ಕಿದ ಗಿಟಾರ್ ತಂತಿಯನ್ನು ಮೀಟಿದಾಗ ಸುರುಳಿಯೊಳಗಿನ ಕಾಂತಕ್ಷೇತ್ರ ಏರಿಳಿಯುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ಹಾಗೆ, ಏರಿಳಿಯುವ ಕಾಂತಕ್ಷೇತ್ರದಿಂದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಎಲ್ಲಕ್ಕಿಂತ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸಿದರೆ ವಿದ್ಯುತ್ತೂ ಅಷ್ಟೇ ಸಲ ಹಿಂದೆಮುಂದೆ ಹರಿಯುತ್ತದೆ. ಎಲ್ಲಕ್ಕಿಂತ ತೆಳ್ಳನೆಯದಕ್ಕೆ ಈ ಲೆಕ್ಕ 330. ನೈಲಾನ್ ತಂತಿ ಹಾಕಿದ ಗಿಟಾರಿಗೆ ಇದೇ ಪಿಕಪ್ ಕೂರಿಸಿದರೆ ಏನೂ ಆಗುವುದಿಲ್ಲ.

ಈ ಉಪಾಯ ಹುಟ್ಟಿದ್ದು ಅಮೆರಿಕದಲ್ಲಿ. ಡಾನ್ಸ್ ಬ್ಯಾಂಡುಗಳ ತುತ್ತೂರಿ, ಡ್ರಮ್ಮುಗಳ ಅಬ್ಬರದಲ್ಲಿ ಗಿಟಾರಿನ ದನಿ ಅಡಗಿಹೋಗುತ್ತಿತ್ತು. ಜಾರ್ಜ್ ಬೋಶಾಂಪ್ ಮತ್ತು ಅಡಾಲ್ಫ್ ರಿಕನ್‌ಬ್ಯಾಕರ್ 1932ರಲ್ಲಿ ಮಾರಾಟಕ್ಕೆ ತಂದ ಅಲ್ಯೂಮಿನಿಯಂ ಗಿಟಾರಿಗೆ ಅದರ ಆಕಾರದಿಂದಾಗಿ ‘ಫ್ರೈಯಿಂಗ್ ಪ್ಯಾನ್’ ಎಂಬ ಅಡ್ಡಹೆಸರು ಬಿತ್ತು. ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಹವಾಯಿ ಶೈಲಿಯಲ್ಲಿ ನುಡಿಸುತ್ತಿದ್ದರು. ಇಂದಿನ ದುಬಾರಿ ಪಿಕಪ್ಪುಗಳೂ ಅದೇ ತತ್ವದವು.

ಕಾಂತಕ್ಷೇತ್ರಕ್ಕೆ ಕಿವಿಗೊಡುವ ಸುರುಳಿ ಗಿಟಾರಿನ ತಂತಿಗೊಂದಕ್ಕೇ ಓಗೊಡುತ್ತದೆ ಎನ್ನುವಂತಿಲ್ಲ. ಮನೆಯ ವೈರಿಂಗು, ಟ್ರಾನ್ಸ್‌ಫಾರ್ಮರು, ಫ್ಯಾನಿನ ರೆಗ್ಯುಲೇಟರು ಎಲ್ಲದರಿಂದಲೂ ಅದಕ್ಕೆ ಗದ್ದಲ ತಗಲುತ್ತದೆ. ಭಾರತದ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಅದೂ ಅದರ ಗುಣಕಗಳೂ ಸೇರಿ ಸ್ಪೀಕರಿನಲ್ಲಿ ‘ಗುಂಯ್’ ಎಂದು ಕೇಳುತ್ತವೆ. ಗಿಬ್ಸನ್ ಕಂಪನಿಯ ಎಂಜಿನಿಯರ್ ಸೆತ್ ಲವರ್ 1955ರಲ್ಲಿ ಇದಕ್ಕೊಂದು ಜಾಣ ಪರಿಹಾರ ಹುಡುಕಿದರು. ಒಂದರ ಪಕ್ಕ ಒಂದರಂತೆ ಎರಡು ಸುರುಳಿ ಇಟ್ಟು, ಎರಡನೆಯದರ ಸುತ್ತಿನ ದಿಕ್ಕನ್ನೂ ಅಯಸ್ಕಾಂತದ ಧ್ರುವವನ್ನೂ ತಿರುಗುಮುರುಗು ಮಾಡಿದರು. ಹೊರಗಿನ ಗುಂಯ್‌ಕಾರ ಎರಡರಲ್ಲೂ ವಿರುದ್ಧವಾಗಿ ಹುಟ್ಟಿ ಒಂದನ್ನೊಂದು ಅಳಿಸಿಹಾಕುತ್ತದೆ. ತಂತಿಯ ಸಂಕೇತ ಮಾತ್ರ ಎರಡು ಸಲ ತಿರುವಿಗೊಳಗಾಗಿ ಮತ್ತೆ ಒಂದೇ ದಿಕ್ಕಿಗೆ ಬಂದು ಕೂಡಿಕೊಳ್ಳುತ್ತದೆ. ಇದೇ ಹಂಬಕರ್. ದನಿ ಗಟ್ಟಿ, ದುಂಡು. ಆದರೆ ಫೆಂಡರ್ ಕಂಪನಿಯ ಟೆಲಿಕಾಸ್ಟರ್, ಸ್ಟ್ರಾಟೊಕಾಸ್ಟರುಗಳ ಒಂಟಿ ಸುರುಳಿಯ ಕಿಣಿಕಿಣಿ ಅದರಲ್ಲಿ ಸಿಗದು. ಟ್ಯೂಬ್‌ಲೈಟು, ಹಳೆಯ ವೈರಿಂಗು ಇರುವ ಮನೆಯಲ್ಲಿ ರೆಕಾರ್ಡ್ ಮಾಡುವವರಿಗೆ ಹಂಬಕರ್ ಅರ್ಧ ತಲೆನೋವು ಉಳಿಸುತ್ತದೆ.

ತಂತಿಯನ್ನು ಕೈಯಿಂದ ಮುಟ್ಟಿದಾಗ ಗುಂಯ್ ಕಡಿಮೆಯಾದರೆ ಅದು ದೋಷವಲ್ಲ. ಗಿಟಾರಿನ ತಂತಿಗಳನ್ನು ಸರ್ಕ್ಯೂಟಿನ ಅರ್ಥ್‌ಗೆ ಜೋಡಿಸಿರುತ್ತಾರೆ. ನುಡಿಸುವವನ ಮೈ ಹಿಡಿದ ಗದ್ದಲ ಅದರ ಮೂಲಕ ಇಳಿದುಹೋಗುತ್ತದೆ. ಗುಂಯ್ ನಿಲ್ಲಿಸಲೆಂದು ಆಂಪ್ಲಿಫೈಯರಿನ ಮೂರು ಪಿನ್ನಿನ ಪ್ಲಗ್ಗಿನಿಂದ ಅರ್ಥ್ ಪಿನ್ ತೆಗೆಯುವುದು ಮಾತ್ರ ಪ್ರಾಣಕ್ಕೆ ಕುತ್ತು. ಬ್ರಿಟನ್ನಿನ ಗಿಟಾರ್ ವಾದಕ ಲೆಸ್ ಹಾರ್ವಿ 1972ರಲ್ಲಿ ಸ್ವಾನ್ಸೀ ನಗರದ ವೇದಿಕೆಯ ಮೇಲೆ, ಸರಿಯಾಗಿ ಅರ್ಥಿಂಗ್ ಇಲ್ಲದ ಮೈಕನ್ನು ಮುಟ್ಟಿ ಶಾಕ್ ಹೊಡೆದು ತೀರಿಕೊಂಡರು.

ಕೊಳ್ಳುವಾಗ ಮರದ ಬಗ್ಗೆ ಮಾತು ಬಹಳ ನಡೆಯುತ್ತದೆ. ಅಕೂಸ್ಟಿಕ್ ಗಿಟಾರಿನಲ್ಲಿ ಮರವೇ ದನಿ. ಬ್ರೆಜಿಲಿನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ರೋಸ್‌ವುಡ್‌ಗೆ ಬದಲಾಯಿತು. ಅಂದರೆ ಕೊಡಗು, ಮಲೆನಾಡಿನ ಕಾಡುಗಳಲ್ಲೂ ಬೆಳೆಯುವ ನಮ್ಮ ಬೀಟೆ. ಗಟ್ಟಿ ದಿಮ್ಮಿಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ಮರದ ಪಾಲು ಬಹಳ ಸಣ್ಣದು, ಏಕೆಂದರೆ ಪಿಕಪ್ ಅಳೆಯುವುದು ತಂತಿಯ ಚಲನೆಯನ್ನು. ಮರದ ಬದಲು ನೋಡಬೇಕಾದದ್ದು ಕತ್ತಿನ ನೇರ, ಫ್ರೆಟ್ಟುಗಳ ಸಮ, ಶ್ರುತಿ ಹಿಡಿದು ನಿಲ್ಲುವ ಬಿರಡೆಗಳು. ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಹನ್ನೆರಡನೇ ಫ್ರೆಟ್ಟಿನ ಮೇಲೆ ತಂತಿಯನ್ನು ಹಗುರಾಗಿ ಮುಟ್ಟಿ ಮೀಟಿದಾಗ ಬರುವ ಸ್ವರವೂ ಅದೇ ಫ್ರೆಟ್ಟನ್ನು ಒತ್ತಿ ಮೀಟಿದಾಗ ಬರುವ ಸ್ವರವೂ ಒಂದೇ ಆಗಿರಬೇಕು. ವ್ಯತ್ಯಾಸವಿದ್ದರೆ ಬ್ರಿಡ್ಜಿನ ಸ್ಕ್ರೂ ತಿರುಗಿಸಿ ಸರಿಪಡಿಸಬಹುದು. ಸರಿಪಡಿಸಲು ಬರುವುದಿಲ್ಲ ಎನ್ನುವ ಗಿಟಾರನ್ನು ಬಿಟ್ಟುಬಿಡುವುದು ಲೇಸು. ಪಿಕಪ್ಪಿನ ಎತ್ತರಕ್ಕೂ ಸ್ಕ್ರೂ ಇದೆ. ತಂತಿಗೆ ತೀರ ಹತ್ತಿರ ತಂದರೆ ದನಿ ಜೋರಾಗುತ್ತದೆ, ಆದರೆ ಅಯಸ್ಕಾಂತ ತಂತಿಯನ್ನೇ ಎಳೆಯತೊಡಗಿ ಸ್ವರ ಬೇಗ ಸಾಯುತ್ತದೆ, ಶ್ರುತಿಯೂ ಅಲೆಯುತ್ತದೆ.

ಮನೆಯಲ್ಲಿ ರೆಕಾರ್ಡ್ ಮಾಡುವವರಲ್ಲಿ ಹೆಚ್ಚಿನವರು ಎಡವುವುದು ಗಿಟಾರಿನಲ್ಲಲ್ಲ, ಅದನ್ನು ಚುಚ್ಚುವ ತೂತಿನಲ್ಲಿ. ಸಾವಿರಾರು ಸುತ್ತಿನ ಸುರುಳಿಯ ವಿದ್ಯುತ್ತು ಬಲು ನಾಜೂಕು. ಸಣ್ಣ ಪೈಪಿನಲ್ಲಿ ಬರುವ ನೀರಿಗೆ ನಲ್ಲಿಯನ್ನು ಪೂರ್ತಿ ತೆರೆದರೆ ಒತ್ತಡ ಕುಸಿಯುವ ಹಾಗೆ, ಪಿಕಪ್ಪಿನಿಂದ ಹೆಚ್ಚು ಕರೆಂಟು ಎಳೆಯುವ ಸಾಧನಕ್ಕೆ ಜೋಡಿಸಿದರೆ ವೋಲ್ಟೇಜು ಕುಸಿಯುತ್ತದೆ. ಎಷ್ಟು ಎಳೆಯಬಹುದು ಎಂಬುದನ್ನು ಹೇಳುವ ಅಳತೆಯೇ ಇಂಪೀಡೆನ್ಸ್. ಒಂಟಿ ಸುರುಳಿಯ ಪಿಕಪ್ಪಿನ ಇಂಡಕ್ಟನ್ಸ್ (ವಿದ್ಯುತ್ತಿನ ಏರಿಳಿತವನ್ನು ತಡೆಯುವ ಗುಣ) ಸುಮಾರು 2.5 ಹೆನ್ರಿ ಎಂದಿಟ್ಟುಕೊಂಡರೆ, 100 ಹರ್ಟ್ಸಿನ ಮಂದ್ರ ಸ್ವರಕ್ಕೆ ಅದು ಒಡ್ಡುವ ತಡೆ ಒಂದೂವರೆ ಕಿಲೋಓಮ್ ಮಾತ್ರ, 3,000 ಹರ್ಟ್ಸಿನ ಮೇಲಿನ ಎಳೆಗಳಿಗೆ 47 ಕಿಲೋಓಮ್. ಸಾಮಾನ್ಯ ಲೈನ್ ಇನ್‌ಪುಟ್ಟಿನ ಇಂಪೀಡೆನ್ಸ್ 10 ಕಿಲೋಓಮ್ ಆಸುಪಾಸು. ಅಲ್ಲಿಗೆ ಗಿಟಾರನ್ನು ಚುಚ್ಚಿದರೆ ಮಂದ್ರ ದಾಟಿಕೊಂಡು ಬರುತ್ತದೆ, ತಾರದ ಹೊಳಪೆಲ್ಲ ಪಿಕಪ್ಪಿನಲ್ಲೇ ಉಳಿಯುತ್ತದೆ. ದನಿ ಕಂಬಳಿ ಹೊದ್ದ ಹಾಗೆ ಮಂಕು. ಇನ್ನೂ ಕಡಿಮೆ ಇಂಪೀಡೆನ್ಸಿನ ಮೈಕ್ ಇನ್‌ಪುಟ್ಟಿನಲ್ಲಿ ಪಾಡು ಇದಕ್ಕಿಂತ ಕೆಟ್ಟದ್ದು. ಆದ್ದರಿಂದಲೇ ಗಿಟಾರ್ ಆಂಪ್ಲಿಫೈಯರುಗಳ ಇನ್‌ಪುಟ್ ಸುಮಾರು 1 ಮೆಗಾಓಮಿನದು. ಗಿಟಾರನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್ ಕೊಳ್ಳುವಾಗ ‘ಇನ್ಸ್ಟ್ರುಮೆಂಟ್’ ಅಥವಾ ‘ಹೈ-ಝಡ್’ ಎಂಬ ಗುಂಡಿ ಇದೆಯೇ ಎಂದು ನೋಡಬೇಕಾದದ್ದು, ಇದ್ದರೆ ಒತ್ತಬೇಕಾದದ್ದು ಇದಕ್ಕೇ.

ಕೇಬಲ್ಲೂ ಈ ಲೆಕ್ಕದೊಳಗಿನದು. ಗಿಟಾರ್ ಕೇಬಲ್ಲಿನ ಕೆಪಾಸಿಟನ್ಸ್ (ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಗುಣ) ಮೀಟರಿಗೆ ಸುಮಾರು 100 ಪಿಕೋಫ್ಯಾರಡ್; ಪಿಕಪ್ಪಿಗೂ ತನ್ನದೇ ನೂರರಷ್ಟು ಇರುತ್ತದೆ. ಮೂರು ಮೀಟರ್ ಕೇಬಲ್ಲಿನೊಂದಿಗೆ ಮೇಲಿನ ಪಿಕಪ್ ಸುಮಾರು 5,000 ಹರ್ಟ್ಸಿನಲ್ಲಿ ಅನುರಣಿಸುತ್ತದೆ, ಆರು ಮೀಟರಿನೊಂದಿಗೆ 3,800ರಲ್ಲಿ. ಕಿವಿ ತೀರ ಚುರುಕಾಗಿರುವ ಜಾಗವೇ ಇದು, ಹಾಗಾಗಿ ಉದ್ದ ಕೇಬಲ್ಲಿನ ದನಿ ತುಸು ಮೆತ್ತಗೆ ಕೇಳುತ್ತದೆ. ಚಿನ್ನದ ಲೇಪದ ಪ್ಲಗ್ಗಿಗೆ ಸುರಿಯುವ ಹಣಕ್ಕಿಂತ ಕೇಬಲ್ಲನ್ನು ಗಿಡ್ಡ ಮಾಡುವುದರಿಂದ ಆಗುವ ಲಾಭ ಹೆಚ್ಚು, ಅದೂ ಪುಕ್ಕಟೆ.

ಇಂಟರ್‌ಫೇಸಿನ ಮುಂದಿನ ಕೆಲಸ ವೋಲ್ಟೇಜನ್ನು ಅಂಕಿಗಳಾಗಿಸುವುದು. ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆದರೆ ಮನುಷ್ಯನ ಕಿವಿಗೆ ಕೇಳುವ 20,000 ಹರ್ಟ್ಸಿನವರೆಗಿನದೆಲ್ಲ ಸಿಕ್ಕಿದಂತೆ. ಗಿಟಾರಿಗೆ ಅದಕ್ಕಿಂತ ದೊಡ್ಡ ಅಂಕಿಯ ಹಿಂದೆ ಬೀಳುವ ಅಗತ್ಯವಿಲ್ಲ. ಒಂದೊಂದು ಅಳತೆಯನ್ನೂ ಬರೆದಿಡುವ ಬಿಟ್‌ಗಳ ಮಾತು ಬೇರೆ. ಒಂದೊಂದು ಬಿಟ್ಟಿಗೂ ಸುಮಾರು 6 ಡೆಸಿಬೆಲ್ ವ್ಯಾಪ್ತಿ ಸಿಗುತ್ತದೆ. 24 ಬಿಟ್ಟಿನಲ್ಲಿ ರೆಕಾರ್ಡ್ ಮಾಡುವಾಗ ಗೇನ್ ಕಡಿಮೆ ಇಟ್ಟರೂ ಗದ್ದಲ ಮೇಲೇಳುವುದಿಲ್ಲ. ಅತಿ ಜೋರಾಗಿ ಮೀಟಿದಾಗಲೂ ಮೀಟರು ಗರಿಷ್ಠಕ್ಕಿಂತ ಹತ್ತು ಡೆಸಿಬೆಲ್ ಕೆಳಗೇ ಉಳಿಯುವಂತೆ ಇಡುವುದು ಒಳ್ಳೆಯ ರೂಢಿ. ಕೆಂಪು ದೀಪ ಹತ್ತಿದ ಮೇಲೆ ಕತ್ತರಿಸಿಹೋದ ಅಲೆಯ ತುದಿ ಮರಳಿ ಬಾರದು.

ಮೀಟಿದ ಸ್ವರ ಹೆಡ್‌ಫೋನಿಗೆ ತಡವಾಗಿ ಬರುವುದು ಹೊಸಬರ ಸಾಮಾನ್ಯ ದೂರು. ಕಂಪ್ಯೂಟರು ಅಂಕಿಗಳನ್ನು ಒಂದಿಷ್ಟು ಕೂಡಿಟ್ಟುಕೊಂಡು ಕಟ್ಟುಕಟ್ಟಾಗಿ ಸಂಸ್ಕರಿಸುತ್ತದೆ. ಆ ಕಟ್ಟಿನ ಗಾತ್ರವೇ ಬಫರ್. 48,000ದ ವೇಗದಲ್ಲಿ 1,024ರ ಬಫರ್ ಇಟ್ಟರೆ ಒಂದು ಕಟ್ಟಿಗೇ 21 ಮಿಲಿಸೆಕೆಂಡ್. 128ಕ್ಕೆ ಇಳಿಸಿದರೆ 3ಕ್ಕೂ ಕಡಿಮೆ. ಗಾಳಿಯಲ್ಲಿ ಶಬ್ದ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಆಂಪ್ಲಿಫೈಯರಿನಿಂದ ಮೂರು ಮೀಟರ್ ದೂರ ನಿಂತು ನುಡಿಸುವವನು 9 ಮಿಲಿಸೆಕೆಂಡಿನ ವಿಳಂಬವನ್ನು ಲೆಕ್ಕಕ್ಕೇ ಇಡುವುದಿಲ್ಲ. ನುಡಿಸುವಾಗ ಬಫರ್ ಚಿಕ್ಕದು, ಮಿಕ್ಸ್ ಮಾಡುವಾಗ ದೊಡ್ಡದು. ಬ್ಲೂಟೂತ್ ಹೆಡ್‌ಫೋನ್ ಈ ಕೆಲಸಕ್ಕೆ ಬೇಡವೇ ಬೇಡ.

ನೇರವಾಗಿ ಇಂಟರ್‌ಫೇಸಿಗೆ ಚುಚ್ಚಿ ಡಿಸ್ಟಾರ್ಷನ್ ಪೆಡಲ್ ಒತ್ತಿದರೆ ಜೀರುಂಡೆ ಸದ್ದು ಬರುವುದೇಕೆ? ಡಿಸ್ಟಾರ್ಷನ್ ಎಂದರೆ ಅಲೆಯ ತಲೆ ಬುಡ ಕತ್ತರಿಸುವುದು; ಹಾಗೆ ಮಾಡಿದಾಗ ಎತ್ತರದ ಕಂಪನಗಳು ರಾಶಿರಾಶಿ ಹುಟ್ಟುತ್ತವೆ. ಆಂಪ್ಲಿಫೈಯರಿನಲ್ಲಿ ಇದು ಕಿವಿಗೆ ಬಡಿಯದು, ಏಕೆಂದರೆ ಗಿಟಾರಿಗೆ ಬಳಸುವ ಹನ್ನೆರಡು ಇಂಚಿನ ಸ್ಪೀಕರು 5,000 ಹರ್ಟ್ಸ್ ದಾಟಿದ ಮೇಲೆ ಹೆಚ್ಚೇನೂ ನುಡಿಯುವುದಿಲ್ಲ. ಅದರ ಈ ಅಸಾಮರ್ಥ್ಯವೇ ರಾಕ್ ಗಿಟಾರಿನ ದನಿಯ ಅರ್ಧ ಭಾಗ. ಆದ್ದರಿಂದ ಕಂಪ್ಯೂಟರಿನಲ್ಲಿ ಸ್ಪೀಕರಿನ ನಕಲು ಬೇಕೇ ಬೇಕು. ನಿಜವಾದ ಸ್ಪೀಕರಿಗೆ ಪರೀಕ್ಷೆಯ ಸದ್ದೊಂದನ್ನು ಊಡಿ, ಮೈಕಿನಿಂದ ಹಿಡಿದು, ಅದು ಯಾವ ಕಂಪನಾಂಕವನ್ನು ಎಷ್ಟು ಬದಲಿಸಿತು ಎಂಬುದನ್ನು ಪುಟ್ಟ ಫೈಲಿನಲ್ಲಿ ಉಳಿಸಿರುತ್ತಾರೆ. ಇಂಪಲ್ಸ್ ರೆಸ್ಪಾನ್ಸ್ ಎಂಬ ಇಂಥ ಫೈಲುಗಳು ಉಚಿತವಾಗಿಯೂ ಸಿಗುತ್ತವೆ. ಪೆಡಲ್ ಬದಲಿಸುವ ಮುನ್ನ ಈ ಫೈಲು ಬದಲಿಸಿ ನೋಡಿದರೆ ದನಿಯಲ್ಲಿ ಆಗುವ ವ್ಯತ್ಯಾಸ ಹೆಚ್ಚು.

ಆಂಪ್ಲಿಫೈಯರಿಗೇ ಮೈಕ್ ಹಿಡಿಯುವುದಾದರೆ ಶೂರ್ ಕಂಪನಿ 1965ರಲ್ಲಿ ತಂದ ಎಸ್‌ಎಂ57 ಇಂದಿಗೂ ರೂಢಿಯ ಆಯ್ಕೆ. ಮೈಕನ್ನು ಸ್ಪೀಕರಿನ ನಡುವಿನಿಂದ ಅಂಚಿನ ಕಡೆಗೆ ಕೆಲವೇ ಸೆಂಟಿಮೀಟರ್ ಸರಿಸಿದರೂ ದನಿಯ ಚೂಪು ಇಳಿಯುತ್ತದೆ. ವ್ಯಾಟಿನ ವ್ಯಾಮೋಹ ಬೇಡ. 50 ವ್ಯಾಟಿಗೂ 5 ವ್ಯಾಟಿಗೂ ನಡುವಿನ ಅಂತರ 10 ಡೆಸಿಬೆಲ್ ಮಾತ್ರ. ಕಿವಿಗೆ ಅದು ಸುಮಾರು ಎರಡು ಪಟ್ಟು. ಅಪಾರ್ಟ್‌ಮೆಂಟಿನಲ್ಲಿ 5 ವ್ಯಾಟಿನ ಟ್ಯೂಬ್ ಆಂಪ್ಲಿಫೈಯರೇ ಪಕ್ಕದ ಮನೆಯವರನ್ನು ಬಾಗಿಲಿಗೆ ಕರೆಸಬಲ್ಲದು.

ಅಕೂಸ್ಟಿಕ್ ಗಿಟಾರಿಗೂ ಹಾಡಿಗೂ 48 ವೋಲ್ಟ್ ಬೇಡುವ ಕಂಡೆನ್ಸರ್ ಮೈಕ್ ಒಪ್ಪುತ್ತದೆ. ಆದರೆ ಅದು ಫ್ಯಾನು, ಬೀದಿಯ ಹಾರ್ನು, ಕುಕ್ಕರಿನ ಸೀಟಿ ಯಾವುದನ್ನೂ ಬಿಡದು. ಗದ್ದಲದ ಮನೆಗೆ ಎಸ್‌ಎಂ57ರಂಥ ಡೈನಮಿಕ್ ಮೈಕೇ ವಾಸಿ. ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1982ರ ‘ನೆಬ್ರಾಸ್ಕಾ’ ಆಲ್ಬಮ್ಮಿನ ಹಾಡುಗಳನ್ನು ನ್ಯೂಜೆರ್ಸಿಯ ಮನೆಯ ಮಲಗುವ ಕೋಣೆಯಲ್ಲಿ ರೆಕಾರ್ಡ್ ಮಾಡಿದ್ದು ಎರಡು ಎಸ್‌ಎಂ57 ಮತ್ತು ಕ್ಯಾಸೆಟ್ಟಿನ ಮೇಲೆ ನಾಲ್ಕು ಟ್ರ್ಯಾಕು ಮೂಡಿಸುವ ಪೋರ್ಟಾಸ್ಟುಡಿಯೊ ಯಂತ್ರದಿಂದ. ವಾದ್ಯವೃಂದದೊಡನೆ ಮತ್ತೆ ನುಡಿಸಿ ನೋಡಿದ ಮೇಲೂ ಬಿಡುಗಡೆಯಾದದ್ದು ಆ ಕ್ಯಾಸೆಟ್ಟಿನದೇ. ವೀಣೆಯ ಕಛೇರಿಗಳಲ್ಲಿ ಕಾಣುವ, ವಾದ್ಯದ ಮೈಗೆ ಅಂಟಿಸುವ ಕಾಂಟ್ಯಾಕ್ಟ್ ಮೈಕಿಗೆ ಕೋಣೆಯ ಗದ್ದಲದ ಕಾಟ ಕಡಿಮೆ. ಆದರೆ ಅದರ ಇಂಪೀಡೆನ್ಸ್ ಗಿಟಾರ್ ಪಿಕಪ್ಪಿಗಿಂತಲೂ ಹೆಚ್ಚು, ಹಾಗಾಗಿ ಸರಿಯಾದ ಪ್ರಿಆಂಪ್ ಇಲ್ಲದೆ ದನಿ ಸೊರಗುತ್ತದೆ.

ಉಳಿದದ್ದು ಕೋಣೆ. ಸಿಮೆಂಟಿನ ಗೋಡೆ, ಗ್ರಾನೈಟ್ ನೆಲದ ಕೋಣೆಯಲ್ಲಿ ಶಬ್ದ ಪುಟಿದಾಡುತ್ತದೆ. ದಪ್ಪ ಪರದೆ, ಬಟ್ಟೆ ತುಂಬಿದ ಬೀರು, ಹಾಸಿಗೆ ಎತ್ತರದ ಕಂಪನಗಳನ್ನು ಹೀರಿಕೊಳ್ಳುತ್ತವೆ. ಮಂದ್ರಕ್ಕೆ ಅವು ಸಾಲವು. ಮೂರು ಮೀಟರ್ ಅಂತರದ ಎರಡು ಗೋಡೆಗಳ ನಡುವೆ 57 ಹರ್ಟ್ಸಿನ ಅಲೆ ನಿಂತುಬಿಡುತ್ತದೆ. ಗೋಡೆಯ ಪಕ್ಕ ಅದು ಢಂ ಎನ್ನುತ್ತದೆ, ಕೋಣೆಯ ನಟ್ಟನಡುವೆ ಹೆಚ್ಚುಕಡಿಮೆ ಕೇಳುವುದೇ ಇಲ್ಲ. ಮಿಕ್ಸ್ ಮಾಡುವವರ ಕುರ್ಚಿ ಗೋಡೆಗೆ ಆತುಕೊಂಡಿರಬಾರದು, ಸರಿಯಾಗಿ ಮಧ್ಯದಲ್ಲೂ ಇರಬಾರದು; ಉದ್ದದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ದೂರ ಬಿಟ್ಟು ಕೂತರೆ ಮಂದ್ರದ ಅಳತೆ ಅಷ್ಟಾಗಿ ತಪ್ಪುವುದಿಲ್ಲ. ಸ್ಪೀಕರುಗಳೆರಡೂ ಕಿವಿಯ ಎತ್ತರಕ್ಕೆ, ಕೂತವರಿಂದ ಸಮದೂರದಲ್ಲಿ ಇದ್ದರೆ ಆಯಿತು.