ಉಚಿತ ತಂತ್ರಾಂಶದೊಡನೆ ಕುತಂತ್ರಾಂಶ ಸೇರಿದೆಯೆಂಬ ಸಂಶಯ ಬಂದಾಗ

ಅಪರಿಚಿತ ಜಾಲತಾಣದಿಂದ ಪಡೆದ ಉಚಿತ ಕನ್ನಡ ತಂತ್ರಾಂಶವನ್ನು ಸ್ಥಾಪಿಸಿದ ಬಳಿಕ ಬ್ರೌಸರಿನ ಮುಖಪುಟ ತಾನಾಗಿ ಬದಲಾದರೆ, ಅನಪೇಕ್ಷಿತ ಜಾಹೀರಾತುಗಳು ಮೂಡಿದರೆ, ಕುತಂತ್ರಾಂಶ ಸೇರಿದೆಯೆಂದು ಶಂಕಿಸಬೇಕು. ಶಾಲೆಯ ಗಣಕಯಂತ್ರದಲ್ಲಿ ಮಕ್ಕಳ ಅಂಕ, ವಿಳಾಸಗಳಿರುವುದರಿಂದ ಉಪೇಕ್ಷೆ ಸಲ್ಲದು.

ಮೊದಲು ಅಂತರಜಾಲ ಸಂಪರ್ಕವನ್ನು ಕಡಿಯಬೇಕು. ಮಾಹಿತಿ ಹೊರಹೋಗುವ ದಾರಿ ಮುಚ್ಚುತ್ತದೆ. ಗುಪ್ತಪದಗಳನ್ನು ಬೇರೊಂದು ಸುರಕ್ಷಿತ ಸಾಧನದಿಂದಲೇ ಬದಲಿಸಬೇಕು. ಕೀಲಿಮಣೆಯ ಒತ್ತುಗಳನ್ನು ಗುಟ್ಟಾಗಿ ದಾಖಲಿಸುವ ಕುತಂತ್ರಾಂಶವಿದ್ದಲ್ಲಿ, ಅದೇ ಯಂತ್ರದಲ್ಲಿ ಬರೆದ ಹೊಸ ಗುಪ್ತಪದವೂ ಕಳ್ಳರ ಪಾಲಾಗುತ್ತದೆ.

ಅನಂತರ ಆ ತಂತ್ರಾಂಶವನ್ನು ತೆಗೆದುಹಾಕಿ, ವಿಂಡೋಸ್ 10 ಅಥವಾ 11 ಇದ್ದರೆ ಡಿಫೆಂಡರ್‌ನ ಆಫ್‌ಲೈನ್ ಸ್ಕ್ಯಾನ್ ನಡೆಸಬೇಕು. ವಿಂಡೋಸ್ ಚಾಲನೆಗೊಳ್ಳುವ ಮುನ್ನವೇ ಅದು ಶೋಧಿಸುವುದರಿಂದ ಅಡಗಿರುವುದೂ ಸಿಕ್ಕಬಹುದು. ಬಳಸಿದ ಪೆನ್‌ಡ್ರೈವನ್ನು ಪರೀಕ್ಷಿಸದೆ ಇತರ ಯಂತ್ರಗಳಿಗೆ ಜೋಡಿಸಬಾರದು.

ಕನ್ನಡ ಕೀಲಿಮಣೆ ವಿಂಡೋಸ್‌ನಲ್ಲೇ ಅಡಕವಾಗಿದೆ; ಭಾಷೆಯ ಆಯ್ಕೆಯಲ್ಲಿ ಸೇರಿಸಿಕೊಂಡರೆ ಸಾಕು, ಅಪರಿಚಿತ ತಾಣಗಳನ್ನು ಅರಸಬೇಕಿಲ್ಲ.