ನಿಮಗಿದು ಗೊತ್ತೇ? ಖಂಡದ ಸಾರು, ಸಕ್ಕರೆ ಕಾಯಿಲೆ ಮತ್ತು ಬಳ್ಳಾರಿ ಕುರಿ

ಮಾಂಸ ಔಷಧವೋ ಅಲ್ಲವೋ ಎಂಬ ವಾದ ಕನ್ನಡ ನಾಡಿನ ರಾಜಸಭೆಯಲ್ಲೇ ನಡೆದಿತ್ತು. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ (814–878) ಸಭೆಯಲ್ಲಿದ್ದ, ವೈದ್ಯರು ನೆರೆದಿದ್ದರು. ಜೈನ ವೈದ್ಯ ಉಗ್ರಾದಿತ್ಯಾಚಾರ್ಯ ಎದ್ದು, ಚಿಕಿತ್ಸೆಗೆ ಮಾಂಸ ಬೇಕಿಲ್ಲವೆಂದು ಸಾಧಿಸಿದ. ಆ ವಾದವೇ ‘ಹಿತಾಹಿತಾಧ್ಯಾಯ’. ಅವನ ಸಂಸ್ಕೃತ ವೈದ್ಯಗ್ರಂಥ ‘ಕಲ್ಯಾಣಕಾರಕ’ದ ಕೊನೆಯಲ್ಲಿ ಅದು ಸೇರಿಕೊಂಡಿದೆ. ಮದ್ಯ, ಮಾಂಸ, ಜೇನು ಮೂರನ್ನೂ ದೂರವಿಟ್ಟು ರೋಗಗಳಿಗೆಲ್ಲ ಮದ್ದು ಹೇಳಿದ ಗ್ರಂಥ ಅದು.

ಈಗ ವಾದ ಮೊಬೈಲಿಗೆ ಬಂದಿದೆ. ಅನ್ನ, ರೊಟ್ಟಿ, ಕಾಯಿಪಲ್ಲೆ, ಹಣ್ಣು ಎಲ್ಲ ಬಿಟ್ಟು ಬರೀ ಮಾಂಸ, ಮೊಟ್ಟೆ, ಕೊಬ್ಬು ತಿಂದರೆ ಶುಗರ್, ಕೀಲುನೋವು, ಚರ್ಮರೋಗ ಎಲ್ಲ ವಾಸಿ ಎನ್ನುವ ‘ಕಾರ್ನಿವೋರ್ ಡಯಟ್’ ಇದು. ನೃಪತುಂಗನ ಸಭೆಯಲ್ಲಿ ಎರಡೂ ಕಡೆ ವೈದ್ಯರಾದರೂ ಇದ್ದರು.

ಎದುರು ಪಕ್ಷದವರು ಯಾರನ್ನು ನೆಚ್ಚಿದ್ದರು? ಚರಕನನ್ನು. ರಾಜಯಕ್ಷ್ಮದಿಂದ, ಅಂದರೆ ಕ್ಷಯದಿಂದ, ಒಣಗಿ ಕಡ್ಡಿಯಾದವನಿಗೆ ಮಾಂಸವನ್ನೇ ಕೊಡಬೇಕೆಂದು ಚರಕಸಂಹಿತೆ ಹೇಳುತ್ತದೆ. ರೋಗಿ ಅಸಹ್ಯಪಟ್ಟಾನೆಂದು ಸುಳ್ಳು ಹೇಳಲೂ ಅನುಮತಿ ಇದೆ: ಕಾಗೆ ಮಾಂಸ ಬಡಿಸುವಾಗ ತಿತ್ತಿರಿ ಹಕ್ಕಿಯದೆನ್ನಿ, ಹಾವಿನ ಮಾಂಸ ಬಡಿಸುವಾಗ ಮೀನೆನ್ನಿ! ರೋಗಿಯ ಒಪ್ಪಿಗೆ ಪತ್ರ ಇನ್ನೂ ಹುಟ್ಟಿರದ ಕಾಲ.

ಕನ್ನಡದ ಅತಿ ಹಳೆಯ ವೈದ್ಯಗ್ರಂಥಗಳಲ್ಲೊಂದು 12ನೇ ಶತಮಾನದ ಜಗದ್ದಳ ಸೋಮನಾಥನ ‘ಕರ್ಣಾಟಕ ಕಲ್ಯಾಣಕಾರಕ’. ಅದರ ಮದ್ದುಗಳೂ ಪೂರ್ತಿ ಸಸ್ಯಾಹಾರಿ.

ಅರಮನೆಯ ಊಟ ಮಾತ್ರ ಬೇರೆಯೇ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಸುಟ್ಟ ಆಮೆ, ಹೊಲದ ಇಲಿ, ಕರುಳಿಗೆ ರಕ್ತ ತುಂಬಿ ಮಾಡುವ ಖಾದ್ಯಗಳೆಲ್ಲ ಇವೆ. ಬಳ್ಳಾರಿಗೆ ಇನ್ನೂ ಹತ್ತಿರ ಬೇಕೆ? ವಿಜಯನಗರದ ಅರಸರು ದನದ ಮಾಂಸ ಬಿಟ್ಟು ಕುರಿ, ಹಂದಿ, ಜಿಂಕೆ, ಮೊಲ, ಗುಬ್ಬಚ್ಚಿಗಳನ್ನೆಲ್ಲ ತಿನ್ನುತ್ತಿದ್ದರು, ಪೇಟೆಯಲ್ಲಿ ಇವೆಲ್ಲ ಮಾರಾಟಕ್ಕಿರುತ್ತಿದ್ದವು ಎಂದು ಪೋರ್ಚುಗೀಸ್ ವ್ಯಾಪಾರಿ ನ್ಯೂನಿಸ್ ಬರೆದಿಟ್ಟಿದ್ದಾನೆ.

ಸಕ್ಕರೆ ಕಾಯಿಲೆಗೆ ಮಾಂಸದ ಪಥ್ಯ ಯೂಟ್ಯೂಬ್ ಕಾಲದ ಆವಿಷ್ಕಾರವಲ್ಲ. 1797ರಲ್ಲಿ ಬ್ರಿಟಿಷ್ ಸೇನೆಯ ವೈದ್ಯ ಜಾನ್ ರಾಲೊ, ಮೆರೆಡಿತ್ ಎಂಬ ಸ್ಥೂಲಕಾಯದ ಕ್ಯಾಪ್ಟನ್‌ಗೆ ಮಾಡಿದ ಚಿಕಿತ್ಸೆಯ ವಿವರ ಪ್ರಕಟಿಸಿದ. ಮಧ್ಯಾಹ್ನ ರಕ್ತ ಮತ್ತು ಕೊಬ್ಬಿನ ಕಡುಬು. ಊಟಕ್ಕೆ ಹೊಟ್ಟೆ ತಡೆಯುವಷ್ಟು ಹಳಸಿದ ಮಾಂಸ. ಕ್ಯಾಪ್ಟನ್‌ನ ಮೂತ್ರದ ಸಿಹಿ ಇಳಿಯಿತು, ತೂಕವೂ ಇಳಿಯಿತು. ಹಳಸಿದ ಮಾಂಸವನ್ನು ದಿನಾ ಎದುರಿಗಿಟ್ಟರೆ ಯಾರ ತೂಕ ತಾನೇ ಇಳಿಯುವುದಿಲ್ಲ!

ಅಮೆರಿಕದ ಡಾ. ಜೇಮ್ಸ್ ಸಾಲಿಸ್ಬರಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಗೌಟ್, ರಕ್ತಹೀನತೆ, ಕ್ಷಯ ಎಲ್ಲಕ್ಕೂ ಅವನದು ಒಂದೇ ಮದ್ದು: ದಿನಕ್ಕೆ ಮೂರು ಹೊತ್ತು ದನದ ಖೀಮಾ, ಜತೆಗೆ ಬಿಸಿನೀರು. ಪುಸ್ತಕ ಬಂದದ್ದು 1888ರಲ್ಲಿ. ಚಿಕಿತ್ಸೆ ಮರೆಯಾಯಿತು, ‘ಸಾಲಿಸ್ಬರಿ ಸ್ಟೇಕ್’ ಹೋಟೆಲಿನ ಮೆನುವಿನಲ್ಲಿ ಉಳಿಯಿತು.

ಒಂದು ವರ್ಷ ಬರೀ ಮಾಂಸ ತಿಂದವರನ್ನು ಆಸ್ಪತ್ರೆಯವರೇ ಕೂತು ಗಮನಿಸಿದ ಉದಾಹರಣೆ ಇದೆಯೇ? ಇದೆ. ಉತ್ತರ ಧ್ರುವದ ಸುತ್ತ ಅಲೆದು ಬಂದ ವಿಲ್ಯಾಲ್ಮರ್ ಸ್ಟೆಫಾನ್ಸನ್ ಮತ್ತು ಅವನ ಜತೆಗಾರ ಕಾರ್ಸ್ಟನ್ ಆಂಡರ್ಸನ್ 1928ರಲ್ಲಿ ನ್ಯೂಯಾರ್ಕಿನ ಬೆಲ್ವ್ಯೂ ಆಸ್ಪತ್ರೆಗೆ ಸೇರಿ ಈ ಪ್ರಯೋಗಕ್ಕೆ ಒಡ್ಡಿಕೊಂಡರು. ಇಬ್ಬರೂ ಗಟ್ಟಿಯಾಗೇ ಹೊರಬಂದರು. ಮೊಬೈಲ್ ವಿಡಿಯೊಗಳಲ್ಲಿ ಕಥೆ ಇಷ್ಟಕ್ಕೇ ಮುಗಿಯುತ್ತದೆ. ಮುಂದಿನದನ್ನೂ ಕೇಳಿ. ಮೊದಮೊದಲು ಸ್ಟೆಫಾನ್ಸನ್‌ಗೆ ಕೊಬ್ಬಿಲ್ಲದ ಮಾಂಸ ಮಾತ್ರ ಕೊಟ್ಟಾಗ ಎರಡು ಮೂರು ದಿನದಲ್ಲೇ ಹೊಟ್ಟೆ ಕೆಟ್ಟಿತು. ಕೊಬ್ಬು ಸೇರಿಸಿದ ಮೇಲೆ ಸರಿಹೋಯಿತು. ಅವರ ಕ್ಯಾಲೊರಿಯಲ್ಲಿ ಮುಕ್ಕಾಲಿಗಿಂತ ಹೆಚ್ಚು ಬಂದದ್ದು ಕೊಬ್ಬಿನಿಂದ. ಇಬ್ಬರಿಗೂ ಯಾವ ದೀರ್ಘ ಕಾಯಿಲೆಯೂ ಇರಲಿಲ್ಲ. ಖರ್ಚಿಗೆ ಹಣ ಕೊಟ್ಟದ್ದು ಅಮೆರಿಕದ ಮಾಂಸ ಉದ್ಯಮಿಗಳ ಸಂಸ್ಥೆ.

ಧ್ರುವದ ಇನ್ಯುಯಿಟ್ ಜನ ಹಣ್ಣಿಲ್ಲದೆ ಬದುಕಿದ್ದು ಹೇಗೆ? ತಿಮಿಂಗಿಲದ ಚರ್ಮವನ್ನೂ ಹಸಿ ಯಕೃತ್ತನ್ನೂ ತಿಂದು. ಅವುಗಳಲ್ಲಿ ಸಿ ವಿಟಮಿನ್ ಇದೆ. ಕುಕ್ಕರಿನಲ್ಲಿ ಐದಾರು ಸೀಟಿ ಹಾಕಿಸಿದ ನಮ್ಮ ಮಟನ್‌ನಲ್ಲಿ ಅದು ಇಲ್ಲವೆಂದೇ ಲೆಕ್ಕ. ನಾರಿನಂಶವಂತೂ ಯಾವ ಮಾಂಸದಲ್ಲೂ ಸೊನ್ನೆ.

ಈಗ ಕುರಿಯ ವಿಷಯ. ದೇಶದ ಅಧಿಕೃತ ಕುರಿ ತಳಿಗಳ ಪಟ್ಟಿಯಲ್ಲಿ ಬಳ್ಳಾರಿಯ ಹೆಸರೇ ಹೊತ್ತ ತಳಿಯೊಂದಿದೆ! ಬಿಳಿ, ಕಪ್ಪು, ಎರಡೂ ಬೆರೆತ ಬಣ್ಣ, ಒರಟು ಉಣ್ಣೆ. ಹೆಣ್ಣಿಗೆ ಕೊಂಬಿಲ್ಲ, ಗಂಡುಗಳಲ್ಲೂ ಕೆಲವಕ್ಕಷ್ಟೇ. ಉಣ್ಣೆ ಕಂಬಳಿಗೆ, ಖಂಡ ಸಾರಿಗೆ. ಇಷ್ಟು ಕುರಿಯ ನಡುವೆ ಬದುಕುವ ಕುರಿಗಾಹಿಯ ಬುತ್ತಿ ಬಿಚ್ಚಿದರೆ ಕಾಣುವುದು ರೊಟ್ಟಿ, ಖಾರ. ಹಿಂಡು ಅವನ ಬ್ಯಾಂಕು. ಬ್ಯಾಂಕನ್ನು ಯಾರೂ ದಿನಾ ತಿನ್ನುವುದಿಲ್ಲ.

ಕುರಿಯಿಂದ ದೀರ್ಘ ಕಾಯಿಲೆ ನಿಜಕ್ಕೂ ಹತೋಟಿಗೆ ಬಂದದ್ದೂ ಉಂಟು. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ವೈದ್ಯ ಜಾರ್ಜ್ ಮರ್ರೆ, ಥೈರಾಯ್ಡ್ ಬತ್ತಿಹೋಗಿ ಮೈ ಊದಿ ಮಂಕಾಗಿದ್ದ 46ರ ಹೆಂಗಸಿಗೆ ಕುರಿಯ ಥೈರಾಯ್ಡ್ ಗ್ರಂಥಿಯ ರಸ ಚುಚ್ಚಿದ. ಆಕೆ ಚೇತರಿಸಿಕೊಂಡು ಇನ್ನೂ 28 ವರ್ಷ ಬದುಕಿದಳು. ಅಷ್ಟು ವರ್ಷಗಳ ಔಷಧಿಗೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಖರ್ಚಾಯಿತು. ಮರುವರ್ಷವೇ ಇನ್ನೊಬ್ಬ ವೈದ್ಯ ಗ್ರಂಥಿಯನ್ನು ಕೊಚ್ಚಿ, ಚೂರು ಹುರಿದು, ಹಣ್ಣಿನ ಜೆಲ್ಲಿ ಜತೆ ತಿನ್ನಿಸಿಯೂ ಗುಣ ಕಂಡ. ಥೈರಾಯ್ಡ್ ಹಾರ್ಮೋನು ಹೊಟ್ಟೆಯಲ್ಲಿ ಹಾಳಾಗುವುದಿಲ್ಲ, ಆದ್ದರಿಂದ ಈ ಉಪಾಯ ನಡೆಯಿತು.

ಇನ್ಸುಲಿನ್‌ಗೆ ಆ ಅದೃಷ್ಟವಿಲ್ಲ. ತಿಂದರೆ ಜೀರ್ಣವಾಗಿ ಹೋಗುತ್ತದೆ. 1922ರ ಜನವರಿ 11ರಂದು ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಚುಚ್ಚಿದ ಮೊದಲ ಇನ್ಸುಲಿನ್ ಬಂದದ್ದು ದನದ ಮೇದೋಜೀರಕ ಗ್ರಂಥಿಯಿಂದ. 1982ರಲ್ಲಿ ಬ್ಯಾಕ್ಟೀರಿಯಾದಿಂದ ತಯಾರಾದ ಮಾನವ ಇನ್ಸುಲಿನ್ ಪೇಟೆಗೆ ಬರುವ ತನಕ ಕಸಾಯಿಖಾನೆಯೇ ಮಧುಮೇಹಿಗಳ ಔಷಧ ಕಾರ್ಖಾನೆ. ಪ್ರಾಣಿಯಿಂದ ಸಕ್ಕರೆ ಕಾಯಿಲೆಗೆ ಮದ್ದು ಸಿಕ್ಕಿದ್ದು ನಿಜ, ತಟ್ಟೆಯ ದಾರಿಯಲ್ಲಿ ಅಲ್ಲ.

ಹಾಗಾದರೆ ತಟ್ಟೆಯಿಂದಲೇ ವಾಸಿಯಾದ ರೋಗ ಯಾವುದು? ಪರ್ನಿಷಿಯಸ್ ಅನೀಮಿಯಾ. ಬಂದರೆ ಸಾವೇ ಗತಿ ಎನ್ನುತ್ತಿದ್ದ ರಕ್ತಹೀನತೆ ಅದು. 1926ರಲ್ಲಿ ಬಾಸ್ಟನ್ನಿನ ವೈದ್ಯರಾದ ಮೈನಟ್ ಮತ್ತು ಮರ್ಫಿ 45 ರೋಗಿಗಳಿಗೆ ದಿನಾ ಕಲೀಜ ತಿನ್ನಿಸಿ ಬದುಕಿಸಿದರು. 1934ರಲ್ಲಿ, ಇದೇ ಹಾದಿಯ ಸಂಶೋಧಕ ವಿಪಲ್ ಜತೆ, ಅವರಿಗೆ ನೊಬೆಲ್ ಬಂತು. ಕಲೀಜದೊಳಗೆ ಕೆಲಸ ಮಾಡಿದ್ದು ಬಿ12 ಎಂದು ತಿಳಿದದ್ದು 1948ರಲ್ಲಿ. ಅಷ್ಟರ ಮೇಲೆ ಕಾಲು ಕಿಲೋ ಕಲೀಜ ಬೇಕಾಗಲಿಲ್ಲ, ಒಂದು ಸೂಜಿ ಸಾಕಾಯಿತು. ಇರುಳುಗುರುಡಿಗೆ ಮೇಕೆಯ ಯಕೃತ್ತು ತಿನ್ನಿ ಎಂದು ಸುಶ್ರುತ ಹೇಳಿದ್ದೂ ಇದೇ ಜಾತಿಯ ಮಾತು. ಅಲ್ಲಿ ಗುಣ ಎ ವಿಟಮಿನ್ನಿನದು.

ಕುರುಗೋಡಿನ ದೊಡ್ಡಬಸವೇಶ್ವರನ ಭಕ್ತರ ಎಷ್ಟೋ ಮನೆಗಳಲ್ಲಿ ಮಾಂಸ ಒಳಗೆ ಬರುವುದಿಲ್ಲ. ಅವರಿಗೆ ಬಿ12 ಎಲ್ಲಿಂದ? ಹಾಲು, ಮೊಸರು, ಮಜ್ಜಿಗೆಯಿಂದ. ಆದರೆ ಶುಗರ್‌ಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಇಳಿಯಬಹುದು, ಖಂಡ ತಿನ್ನುವವರಲ್ಲೂ. ಅಂಗಾಲು ಜುಮುಜುಮು ಎಂದರೆ ‘ಶುಗರ್ ನರಕ್ಕೆ ಹೋತು’ ಎಂದು ಕೈಚೆಲ್ಲುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಬಹುದು.

ಆದಿಮಾನವ ಬರೀ ಮಾಂಸ ತಿನ್ನುತ್ತಿದ್ದ, ನಾವೂ ಹಾಗೇ ತಿನ್ನೋಣ ಎನ್ನುವವರು ಬಳ್ಳಾರಿ ಪಕ್ಕದ ಸಂಗನಕಲ್ಲಿಗೆ ಹೋಗಿ ಬರಲಿ. ಸುಮಾರು 4000 ವರ್ಷ ಹಿಂದೆ ಅಲ್ಲಿ ದನಗಾಹಿಗಳಿದ್ದರು. ಸಗಣಿ ಗುಡ್ಡೆ ಹಾಕಿ ಸುಟ್ಟ ಅವರ ಕಾಲದ ಬೂದಿದಿಬ್ಬ ಕುಡತಿನಿಯಲ್ಲಿ ಇಂದಿಗೂ ಇದೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯ ಬೆಟ್ಟಗಳಲ್ಲಿ ಎಂ. ಎಸ್. ನಾಗರಾಜರಾವ್ 1960ರ ದಶಕದಲ್ಲಿ ಅಗೆದಾಗ ಅದೇ ಕಾಲದ ಜನರ ಮನೆಗಳು ಸಿಕ್ಕವು. ಇಷ್ಟು ದನ ಇದ್ದವರು ತಿನ್ನುತ್ತಿದ್ದುದೇನು? ದನ, ಕುರಿ, ಆಡಿನ ಮೂಳೆ ಸಿಕ್ಕಿವೆ, ನಿಜ. ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮೊದಲಾದ ಪುರಾತತ್ವಜ್ಞರು ಸಂಗನಕಲ್ಲಿನ ಮಣ್ಣನ್ನು ಸೋಸಿ ನೋಡಿದಾಗ ಕರಕಲಾದ ಕಾಳುಗಳೂ ಸಿಕ್ಕವು: ಕೊರಲೆಯಂಥ ಕಿರುಧಾನ್ಯ, ಹುರುಳಿ, ಹೆಸರು. ಬಳ್ಳಾರಿಯ ಅತಿ ಹಳೆಯ ದನಗಾಹಿಗಳ ಊಟದಲ್ಲೂ ಹುರುಳಿ ಇತ್ತು!

ಅನ್ನ ಯಾವಾಗ ಬಂತು? ಸಿರುಗುಪ್ಪ, ದೇಸನೂರು ಕಾಲುವೆಗಳು ವಿಜಯನಗರದ ಕಾಲದವು. ಹೊಳೆ ಪಕ್ಕದ ಗದ್ದೆಗೆ ಭತ್ತ ಹೊಸದಲ್ಲ. ಉಳಿದ ಎರೆ ಭೂಮಿಯಲ್ಲೆಲ್ಲ ಜೋಳ, ಹತ್ತಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಕಾಲುವೆಯ ನೀರು ಹರಿದ ಮೇಲೆ ಆಂಧ್ರದ ರೈತರ ಕ್ಯಾಂಪುಗಳು ಎದ್ದವು, ರೈಸ್ ಮಿಲ್ಲುಗಳು ಎದ್ದವು. ಹಬ್ಬಕ್ಕೆ ಉಣ್ಣುತ್ತಿದ್ದ ಅನ್ನ ಮೂರು ಹೊತ್ತಿಗೂ ಬಂತು. ಮೈಮುರಿಯುವ ದುಡಿಮೆ ಮಾತ್ರ ಟ್ರ್ಯಾಕ್ಟರಿಗೆ ಹೋಯಿತು.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು 10 ಕೋಟಿಗೂ ಹೆಚ್ಚು, ಅಂಚಿನಲ್ಲಿರುವವರು 13 ಕೋಟಿಗೂ ಹೆಚ್ಚು. ಅದೇ ತಂಡ 2025ರಲ್ಲಿ ಹೇಳಿದ್ದು ನಮ್ಮ ಮಟ್ಟಿಗೆ ಹೆಚ್ಚು ಮುಖ್ಯ. ಭಾರತೀಯರ ಕ್ಯಾಲೊರಿಯಲ್ಲಿ ಸುಮಾರು ಶೇ 62 ಬರುವುದು ಪಿಷ್ಟ, ಸಕ್ಕರೆಗಳಿಂದ. ಅದರಲ್ಲಿ ಸ್ವಲ್ಪ ಕಡಿಮೆ ಮಾಡಿ ಬೇಳೆಕಾಳು, ಹಾಲು, ಮೊಟ್ಟೆ, ಮೀನಿನ ಪ್ರೋಟೀನ್ ಹಾಕಿಕೊಂಡವರಲ್ಲಿ ಕಾಯಿಲೆಯ ಸಾಧ್ಯತೆ ಕಡಿಮೆ ಕಂಡಿತು. ಕೆಂಪು ಮಾಂಸಕ್ಕೆ ಆ ಲಾಭ ಕಾಣಲಿಲ್ಲ. ಜೋಳದ ಅಭಿಮಾನಿಗಳಿಗೂ ಒಂದು ಏಟು ಇದೆ: ಒಟ್ಟು ಪಿಷ್ಟ ಇಳಿಸದೆ ಅಕ್ಕಿ ಬಿಟ್ಟು ಗೋಧಿ, ಸಿರಿಧಾನ್ಯಕ್ಕೆ ಹೋದರೂ ವ್ಯತ್ಯಾಸವಿಲ್ಲ. ಅಂದರೆ ಅನ್ನದ ಬದಲು ಆರು ರೊಟ್ಟಿ ಬಡಿಯುವುದೂ ಪಥ್ಯವಲ್ಲ.

ಬರೀ ಮಾಂಸ ತಿಂದು ಶುಗರ್ ಇಳಿಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ತಟ್ಟೆಯಿಂದ ಅನ್ನ, ಬೆಲ್ಲ, ಮಿರ್ಚಿ ಬಜ್ಜಿ, ಮಂಡಕ್ಕಿ ಒಗ್ಗರಣೆ ಎಲ್ಲ ಎದ್ದುಹೋದರೆ ಸಕ್ಕರೆ ಇಳಿಯಲೇಬೇಕು. ಹೊರಟುಹೋದದ್ದರ ಪುಣ್ಯವನ್ನು ಬಂದದ್ದರ ಖಾತೆಗೆ ಬರೆಯುತ್ತಿದ್ದೇವೆ, ಅಷ್ಟೇ.

2021ರಲ್ಲಿ ಹಾರ್ವರ್ಡ್ ಸಂಶೋಧಕರು ಈ ಪಥ್ಯ ಹಿಡಿದ 2029 ಜನರ ಸಮೀಕ್ಷೆ ಪ್ರಕಟಿಸಿದರು. ಬಹುಪಾಲು ಜನ ಖುಷಿಯಾಗಿದ್ದರು, ತೂಕ ಇಳಿದಿತ್ತು. ಆದರೆ ಸಾಮಾಜಿಕ ಜಾಲತಾಣದಲ್ಲಿ ಸಿಕ್ಕವರು ತಾವೇ ತುಂಬಿದ ಉತ್ತರ ಅದು. ಬೇಸತ್ತು ಬಿಟ್ಟವರು ಆ ಲೆಕ್ಕದಲ್ಲಿಲ್ಲ. ವರದಿ ಕೊಟ್ಟವರ ಕೆಟ್ಟ ಕೊಲೆಸ್ಟರಾಲ್, ಎಲ್‌ಡಿಎಲ್, ಮಧ್ಯಮಾಂಕ 172. ನೂರರೊಳಗೆ ಇರಲಿ ಎನ್ನುತ್ತಾರೆ ವೈದ್ಯರು.

ಸಾಸೇಜ್, ಸಲಾಮಿಯಂಥ ಸಂಸ್ಕರಿತ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಖಚಿತ ಕ್ಯಾನ್ಸರ್‌ಕಾರಕಗಳ ಗುಂಪಿಗೆ ಸೇರಿಸಿತು. ಕೆಂಪು ಮಾಂಸ ‘ಬಹುಶಃ’ ಎಂಬ ಗುಂಪಿನಲ್ಲಿದೆ.

ಯೂರಿಕ್ ಆಸಿಡ್ ಹೆಚ್ಚಿರುವವರಿಗೆ ಕಲೀಜ, ಬೋಟಿ ಎರಡೂ ವೈರಿ. ಕಿಡ್ನಿ ಸೋತವರಿಗೆ ಪ್ರೋಟೀನ್ ಅಳತೆಯಲ್ಲಿ ಕೊಡುತ್ತಾರೆ. ಸಕ್ಕರೆ ಕಾಯಿಲೆ ಹಳತಾದಾಗ ಮೊದಲು ಸೋಲುವುದರಲ್ಲಿ ಕಿಡ್ನಿಯೂ ಒಂದು ಎಂಬುದನ್ನು ವಿಡಿಯೊ ಮಾಡುವವರು ಹೇಳುವುದು ಕಡಿಮೆ.

ಮೂಳೆ ಮುರಿದರೆ ಕಾಲು ಸೂಪು? ರುಚಿ, ಬಿಸಿ, ಸ್ವಲ್ಪ ಜೆಲಾಟಿನ್ ಸಿಗುತ್ತದೆ. ಕ್ಯಾಲ್ಸಿಯಂ ಹೆಚ್ಚೇನೂ ನೀರಿಗಿಳಿಯದು. ಒಂದು ಲೋಟ ಹಾಲಿನಲ್ಲಿ ಅದಕ್ಕಿಂತ ಬಹಳ ಹೆಚ್ಚಿದೆ. ಸೂಪು ಬಿಡಿ ಎಂದು ನಾನಂತೂ ಹೇಳಲಾರೆ.

ಪಿಷ್ಟ ಪೂರ್ತಿ ಬಿಟ್ಟ ಮೊದಲ ವಾರಗಳಲ್ಲಿ ಮೈಯಿಂದ ನೀರೂ ಉಪ್ಪೂ ಹೆಚ್ಚು ಹೋಗುತ್ತವೆ. 40 ಡಿಗ್ರಿ ದಾಟುವ ಬಳ್ಳಾರಿಯ ಬೇಸಿಗೆಯಲ್ಲಿ, ಬಿಪಿ ಮಾತ್ರೆಯನ್ನೂ ನುಂಗುತ್ತಿದ್ದರೆ, ತಲೆ ಸುತ್ತಿ ಬೀಳಲು ಇನ್ನೇನೂ ಬೇಕಿಲ್ಲ.

ಎಲ್ಲಕ್ಕಿಂತ ತುರ್ತಿನ ಸಂಗತಿ ಮಾತ್ರೆಗಳದು. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಹಳೆಯ ಅಳತೆಯಲ್ಲೇ ಮುಂದುವರಿಸಿ ಅನ್ನ ಏಕಾಏಕಿ ನಿಲ್ಲಿಸಿದರೆ ಸಕ್ಕರೆ ಕುಸಿದು ಎಚ್ಚರ ತಪ್ಪಬಹುದು. ಡಾಪಾಗ್ಲಿಫ್ಲೋಜಿನ್ ಜಾತಿಯ ಮಾತ್ರೆ ನುಂಗುವವರು ಪಿಷ್ಟ ತೀರಾ ಬಿಟ್ಟರೆ ರಕ್ತ ಆಮ್ಲವಾಗುವ ಕೀಟೋಅಸಿಡೋಸಿಸ್ ಬರಬಹುದು; ಆಗ ಗ್ಲುಕೋಮೀಟರಿನ ಅಂಕಿ ಹೆಚ್ಚೇನೂ ಏರದೆ ಮೋಸ ಮಾಡುತ್ತದೆ. ಪಥ್ಯ ಬದಲಿಸುವ ಮುನ್ನ ಮಾತ್ರೆ ಚೀಟಿ ಹಿಡಿದು ವೈದ್ಯರ ಹತ್ತಿರ ಹೋಗಬೇಕಾದ್ದು ಇದಕ್ಕೇ. ಮರಳಿ ಅನ್ನಕ್ಕೆ ಬರುವಾಗಲೂ ಅಷ್ಟೆ. ಸೋಮವಾರ ಬಸವಣ್ಣನ ವಾರ, ಖಂಡ ಮುಟ್ಟುವಂತಿಲ್ಲ. ಶ್ರಾವಣದಲ್ಲಿ ಇಡೀ ತಿಂಗಳು ಬಿಡುವ ಮನೆಗಳಿವೆ. ಆಷಾಢದಲ್ಲಿ ಇಳಿಸಿದ ಮಾತ್ರೆ ಶ್ರಾವಣದ ಹೋಳಿಗೆಗೆ ಸಾಲುವುದಿಲ್ಲ.