ದೃಷ್ಟಿದೋಷವುಳ್ಳ ಗಣಕಯಂತ್ರ ಬಳಕೆದಾರರಿಗೆ ಮನೆಯಲ್ಲಿಯೇ ಕಡಿಮೆ ವೆಚ್ಚದ ಧ್ವನಿಮುದ್ರಣ

ದೃಷ್ಟಿದೋಷವುಳ್ಳ ವ್ಯಕ್ತಿಗಳ ವ್ಯಾಸಂಗ ಹಾಗೂ ಉದ್ಯೋಗದಲ್ಲಿ ಧ್ವನಿಮುದ್ರಣಕ್ಕೆ ವಿಶೇಷ ಸ್ಥಾನವಿದೆ. ಪಾಠದ ಟಿಪ್ಪಣಿ, ಸಂಗೀತಾಭ್ಯಾಸ, ಸಂದರ್ಶನ, ಧ್ವನಿಪುಸ್ತಕ ಮುಂತಾದವುಗಳಿಗಾಗಿ ಹಿಂದೆ ಸ್ಟುಡಿಯೋವನ್ನಾಗಲಿ, ದೃಷ್ಟಿಯುಳ್ಳ ಸಹಾಯಕರನ್ನಾಗಲಿ ಅವಲಂಬಿಸಬೇಕಾಗಿತ್ತು. ಸಹಾಯಕರು ದೊರೆಯದ ದಿನ ಕೆಲಸವೂ ನಿಲ್ಲುತ್ತಿತ್ತು. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ತಂತ್ರಾಂಶವಿರುವ ಗಣಕಯಂತ್ರ ಹಾಗೂ ಸಾಧಾರಣ ಮೈಕ್ ಇದ್ದಲ್ಲಿ, ಮುದ್ರಣ ಮತ್ತು ಸಂಕಲನದ ಎಲ್ಲ ಹಂತಗಳನ್ನು ಕೀಲಿಮಣೆಯಿಂದಲೇ ಸ್ವತಂತ್ರವಾಗಿ ನಿರ್ವಹಿಸಬಹುದಾಗಿದೆ. ಈ ಕುರಿತ ಮಾಹಿತಿಯನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಕೆಳಗೆ ನೀಡಲಾಗಿದೆ.

ಅಗತ್ಯ ತಂತ್ರಾಂಶಗಳು

1. ಎನ್‌ವಿಡಿಎ: ಆಸ್ಟ್ರೇಲಿಯಾದ ಮೈಕಲ್ ಕರನ್ ಅವರು 2006ರಲ್ಲಿ ಆರಂಭಿಸಿದ ಉಚಿತ ಪರದೆವಾಚಕ. ಸ್ವತಃ ಅಂಧರಾದ ಅವರು ದುಬಾರಿ ತಂತ್ರಾಂಶಗಳಿಗೆ ಪರ್ಯಾಯವಾಗಿ ಇದನ್ನು ರೂಪಿಸಿದರು. ವಿಂಡೋಸ್‌ನಲ್ಲಿ ಕಾರ್ಯನಿರ್ವಹಿಸುತ್ತದೆ. ಇದರೊಂದಿಗೆ ಬರುವ ಇ-ಸ್ಪೀಕ್ ಎನ್‌ಜಿ ಧ್ವನಿಯು ಕನ್ನಡವನ್ನೂ ಓದುತ್ತದೆ.

2. ಆಡಾಸಿಟಿ: 2000ದಲ್ಲಿ ಬಿಡುಗಡೆಯಾದ ಉಚಿತ ಧ್ವನಿಮುದ್ರಣ ಹಾಗೂ ಸಂಕಲನ ತಂತ್ರಾಂಶ. ಮನೆಬಳಕೆಗೆ ಇದು ಸಾಕಾಗುತ್ತದೆ.

3. ರೀಪರ್: ಹಲವು ವಾದ್ಯಗಳನ್ನು ಪ್ರತ್ಯೇಕವಾಗಿ ಮುದ್ರಿಸಿ ಸೇರಿಸುವವರಿಗೆ ಸೂಕ್ತ. ವೈಯಕ್ತಿಕ ಬಳಕೆಯ ರಿಯಾಯಿತಿ ಪರವಾನಗಿಯ ದರ 60 ಡಾಲರ್. 60 ದಿನಗಳ ಪರೀಕ್ಷಾ ಬಳಕೆಗೆ ಅವಕಾಶವಿದೆ. ಒಸಾರಾ ಎಂಬ ಉಚಿತ ಪೂರಕವನ್ನು ಅಳವಡಿಸಿಕೊಂಡಲ್ಲಿ ಪರದೆವಾಚಕದೊಂದಿಗೆ ಬಳಸಬಹುದು.

ಉಪಕರಣ ಮತ್ತು ಸ್ಥಳ

ಗಣಕಯಂತ್ರಕ್ಕೆ ನೇರವಾಗಿ ಜೋಡಿಸುವ ಯುಎಸ್‌ಬಿ ಮೈಕ್ ಹಾಗೂ ಇಯರ್‌ಫೋನ್ ಸಾಕು. ಇಯರ್‌ಫೋನ್ ಕಡ್ಡಾಯವೆಂದೇ ಭಾವಿಸತಕ್ಕದ್ದು. ಸ್ಪೀಕರ್ ಬಳಸಿದಲ್ಲಿ ಪರದೆವಾಚಕದ ಮಾತು ಮೈಕ್‌ಗೆ ಕೇಳಿಸಿ ಮುದ್ರಣದಲ್ಲಿ ಸೇರಿಬಿಡುತ್ತದೆ. ನಂತರ ಅದನ್ನು ಬೇರ್ಪಡಿಸುವುದು ಬಹಳ ಕಷ್ಟ.

ಮೈಕ್ ಬಾಯಿಯಿಂದ ಸುಮಾರು ಒಂದು ಗೇಣು ದೂರದಲ್ಲಿ, ಸ್ವಲ್ಪ ಪಕ್ಕಕ್ಕೆ ಇರಲಿ. ಈ ಅಂತರವನ್ನು ಕೈಯಿಂದಲೇ ಅಳೆದುಕೊಳ್ಳಬಹುದು. ಉಸಿರು ನೇರವಾಗಿ ಮೈಕ್‌ಗೆ ತಾಗದಿದ್ದರೆ ‘ಪ’, ‘ಫ’, ‘ಭ’ ಅಕ್ಷರಗಳು ಸಿಡಿದಂತೆ ಕೇಳಿಸುವುದಿಲ್ಲ. ಬರಿಯ ಗೋಡೆಗಳ ಕೋಣೆಯಲ್ಲಿ ಪ್ರತಿಧ್ವನಿ ಹೆಚ್ಚು. ಬಟ್ಟೆಯ ಬೀರು, ಹಾಸಿಗೆ, ದಪ್ಪ ಕಂಬಳಿ ಇರುವ ಕೋಣೆ ಉತ್ತಮ. ಮುದ್ರಣದ ಸಮಯದಲ್ಲಿ ಫ್ಯಾನ್ ನಿಲ್ಲಿಸಬೇಕು.

ಮುದ್ರಣಕ್ಕೆ ಮುನ್ನ ಪರೀಕ್ಷೆ

ಧ್ವನಿಯ ಮಟ್ಟವನ್ನು ತೋರಿಸುವ ಪಟ್ಟಿಯನ್ನು ನೋಡಲಾಗದ ಕಾರಣ, ಬೇರೊಂದು ಮೈಕ್ ಆಯ್ಕೆಯಾಗಿದ್ದರೂ ಅದು ತಿಳಿಯದೆ, ಗಂಟೆಗಟ್ಟಲೆ ಮಾತನಾಡಿದ ನಂತರ ಕಡತದಲ್ಲಿ ಕೇವಲ ಮೌನ ಉಳಿಯುವ ಸಾಧ್ಯತೆಯಿದೆ. ಇದನ್ನು ತಪ್ಪಿಸಲು ಈ ಕ್ರಮ ಅನುಸರಿಸುವುದು:

1. ಕಂಟ್ರೋಲ್ ಮತ್ತು ಪಿ ಕೀಲಿಗಳನ್ನು ಒತ್ತಿ, ಧ್ವನಿ ಆಯ್ಕೆಗಳಲ್ಲಿ ಸರಿಯಾದ ಮೈಕ್ ಇರುವುದನ್ನು ಖಚಿತಪಡಿಸಿಕೊಳ್ಳಬೇಕು.

2. ಹತ್ತು ಸೆಕೆಂಡು ಎಂದಿನ ಧ್ವನಿಯಲ್ಲಿ ಮಾತನಾಡಿ ಮುದ್ರಿಸಿ, ಮರಳಿ ಕೇಳಬೇಕು.

3. ಕಂಟ್ರೋಲ್ ಮತ್ತು ಎ ಒತ್ತಿ ಪೂರ್ಣ ಆಯ್ಕೆ ಮಾಡಿ, ಎಫೆಕ್ಟ್ ಮೆನುವಿನಲ್ಲಿ ಆಂಪ್ಲಿಫೈ ತೆರೆಯಬೇಕು. ಧ್ವನಿ ಒಡೆಯದಂತೆ ಇನ್ನೆಷ್ಟು ಡೆಸಿಬೆಲ್ ಹೆಚ್ಚಿಸಬಹುದೆಂಬ ಅಂಕಿಯನ್ನು ಪರದೆವಾಚಕವು ಓದಿ ಹೇಳುತ್ತದೆ. ಅದು 6ರಿಂದ 12ರೊಳಗಿದ್ದರೆ ಮಟ್ಟ ಸರಿಯಾಗಿದೆ. ಸೊನ್ನೆ ಇದ್ದರೆ ಧ್ವನಿ ಮಿತಿಮೀರಿದೆ. 30 ಮೀರಿದ್ದರೆ ಮೈಕ್ ಬಹುದೂರದಲ್ಲಿದೆ ಅಥವಾ ಆಯ್ಕೆ ತಪ್ಪಾಗಿದೆ. ಅಂಕಿ ಕೇಳಿದ ನಂತರ ಎಸ್ಕೇಪ್ ಒತ್ತಿ ಹೊರಬರಬಹುದು.

ಮುದ್ರಣ ಮತ್ತು ಸಂಕಲನ

ಆಡಾಸಿಟಿಯ 3ನೆಯ ಶ್ರೇಣಿಯ ಆವೃತ್ತಿಗಳಲ್ಲಿ ಆರ್ ಕೀಲಿಯಿಂದ ಮುದ್ರಣ ಆರಂಭವಾಗುತ್ತದೆ. ಪಿ ಕೀಲಿಯಿಂದ ತಾತ್ಕಾಲಿಕವಾಗಿ, ಸ್ಪೇಸ್ ಕೀಲಿಯಿಂದ ಪೂರ್ಣವಾಗಿ ನಿಲ್ಲುತ್ತದೆ. ಮೊದಲ ಐದು ಸೆಕೆಂಡು ಮೌನವಾಗಿರಬೇಕು. ಈ ಭಾಗವನ್ನು ಮಾದರಿಯಾಗಿಟ್ಟುಕೊಂಡು ನಾಯ್ಸ್ ರಿಡಕ್ಷನ್ ಸೌಲಭ್ಯದಿಂದ ಹಿನ್ನೆಲೆಯ ಗುಂಯ್‌ಗುಡುವಿಕೆಯನ್ನು ತಗ್ಗಿಸಬಹುದು.

ಓದುವಾಗ ತಪ್ಪಾದಲ್ಲಿ ಮುದ್ರಣ ನಿಲ್ಲಿಸದೆ, ಸ್ವಲ್ಪ ತಡೆದು ಇಡೀ ವಾಕ್ಯವನ್ನು ಮತ್ತೆ ಓದುವುದು ಸುಲಭ. ಸಂಕಲನದ ವೇಳೆ ಕೇಳುತ್ತಿರುವಾಗಲೇ ತಪ್ಪಿನ ಆರಂಭದಲ್ಲಿ ಎಡ ಚೌಕಾವರಣದ ಕೀಲಿಯನ್ನು, ಅಂತ್ಯದಲ್ಲಿ ಬಲ ಚೌಕಾವರಣದ ಕೀಲಿಯನ್ನು ಒತ್ತಿ, ಸ್ಪೇಸ್‌ನಿಂದ ನಿಲ್ಲಿಸಿ, ಡಿಲೀಟ್ ಒತ್ತಿದರೆ ಆ ಭಾಗ ತೆಗೆದುಹೋಗುತ್ತದೆ. ಬೇಡವೆನಿಸಿದಲ್ಲಿ ಕಂಟ್ರೋಲ್ ಮತ್ತು ಜೆಡ್ ಒತ್ತಿ ಮರಳಿ ಪಡೆಯಬಹುದು.

ಕಡತವನ್ನು ಉಳಿಸುವುದು

ಕಂಟ್ರೋಲ್ ಮತ್ತು ಎಸ್ ಒತ್ತಿ ಉಳಿಸಿದ ಕಡತ ಆಡಾಸಿಟಿಯಲ್ಲಿ ಮಾತ್ರ ತೆರೆಯುತ್ತದೆ. ಇತರರಿಗೆ ಕಳುಹಿಸಲು ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಬಳಸಬೇಕು. ಸೆಕೆಂಡಿಗೆ 44,100 ಮಾದರಿಗಳ, 16 ಬಿಟ್‌ನ ಏಕವಾಹಿನಿ ವೇವ್ ಕಡತ ಗಂಟೆಗೆ ಸುಮಾರು 318 ಎಂಬಿ ಆಗುತ್ತದೆ. 64 ಕೆಬಿಪಿಎಸ್ ಎಂಪಿ3 ಕಡತ ಸುಮಾರು 29 ಎಂಬಿ ಮಾತ್ರ. ಮಾತಿನ ಮುದ್ರಣಕ್ಕೆ ಎಂಪಿ3 ಸಾಕು. ಮೂಲ ಕಡತದ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇರಿಸಿಕೊಳ್ಳುವುದು ಕ್ಷೇಮ.

ಪುಸ್ತಕಗಳ ಮುದ್ರಣ ಮತ್ತು ಕಾನೂನು

ಸಾಮಾನ್ಯ ಮುದ್ರಿತ ಪುಸ್ತಕವನ್ನು ಓದಲಾಗದ ವಿಕಲಚೇತನರ ಸ್ವಂತ ಬಳಕೆ, ಶಿಕ್ಷಣ ಅಥವಾ ಸಂಶೋಧನೆಗಾಗಿ ಅದನ್ನು ಧ್ವನಿರೂಪಕ್ಕೆ ತರಲು ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿಯು ಅವಕಾಶ ನೀಡಿದೆ. ಇಂತಹ ಮುದ್ರಣಗಳನ್ನು ಲಾಭಕ್ಕಾಗಿ ಮಾರುವಂತಿಲ್ಲ. ದೃಷ್ಟಿದೋಷವುಳ್ಳವರಿಗೆ ಪುಸ್ತಕಗಳು ದೊರೆಯುವಂತೆ ಮಾಡುವ 2013ರ ಮರಕ್ಕೇಶ್ ಒಪ್ಪಂದವನ್ನು ಅನುಮೋದಿಸಿದ ಮೊದಲ ರಾಷ್ಟ್ರ ಭಾರತ.

ಸೌಲಭ್ಯ ಕೋರುವವರ ಗಮನಕ್ಕೆ

ಎಸ್.ಎಸ್.ಎಲ್.ಸಿ. ನಂತರದ ವ್ಯಾಸಂಗದಲ್ಲಿರುವ ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳಿಗಾಗಿ ಕರ್ನಾಟಕ ಸರ್ಕಾರವು ಟಾಕಿಂಗ್ ಲ್ಯಾಪ್‌ಟಾಪ್ ಯೋಜನೆಯನ್ನು ಜಾರಿಗೆ ತಂದಿದೆ. ಅರ್ಜಿಯ ಅವಧಿ, ಅರ್ಹತೆ ಹಾಗೂ ದಾಖಲೆಗಳ ವಿವರವನ್ನು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಛೇರಿಯಲ್ಲಿ ವಿಚಾರಿಸಿ ತಿಳಿಯಬಹುದು. ವಿಶಿಷ್ಟ ಗುರುತಿನ ಚೀಟಿಯನ್ನು ಇನ್ನೂ ಪಡೆಯದವರು ಮೊದಲು ಅದಕ್ಕೆ ಅರ್ಜಿ ಸಲ್ಲಿಸುವುದು ಸೂಕ್ತ. ಗ್ರಾಮೀಣ ಪ್ರದೇಶದವರು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದಾಗಿದೆ.